ಮಗಳ ಕಿಸೆಯಲ್ಲಿ ಸಿಕ್ಕ ದಾದರ್ ಟಿಕೇಟು

ಜೀನ್ಸ್ ಒಗೆಯಲು ಹಾಕುವಾಗ ಮಗಳ ಕಿಸೆಯಲ್ಲಿ ಮುಂಬಯಿಯ ದಾದರ್‌ನಿಂದ ನಮ್ಮ ಡೊಂಬಿವಲಿಗೆ ತೆಗೆದ ಲೋಕಲ್ ರೈಲಿನ ಟಿಕೇಟು ಸಿಕ್ಕಿತು. ಅವಳ ಪಾಸು ಠಾಣೆಯವರೆಗೆ ಮಾತ್ರ. ಕಾಲೇಜು, ಟ್ಯೂಷನ್ ಕ್ಲಾಸು ಎರಡೂ ಅಲ್ಲೇ. ಆಗ ಅವಳಿಗೆ 16 ತುಂಬಿತ್ತು, ಹನ್ನೊಂದನೆಯ ತರಗತಿ. ಕೇಳಿದರೆ, ಗೆಳತಿಯ ಜೊತೆ ಪುಸ್ತಕ ತರಲು ಹೋಗಿದ್ದೆ ಅಂದಳು. ಆ ಪುಸ್ತಕ ಎಲ್ಲಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ರಾತ್ರಿ ಅವಳು ಮಲಗಿದ ಮೇಲೆ ಫೋನ್ ತೆಗೆದು ನೋಡಿದೆ. ಕ್ಲಾಸಿನ ಹುಡುಗ, ಮರಾಠಿಯವನು. ಶಿವಾಜಿ ಪಾರ್ಕಿನ ಕಟ್ಟೆಯ ಮೇಲೆ ಇಬ್ಬರೂ ವಡಾಪಾವ್ ಹಿಡಿದು ನಗುತ್ತಿರುವ ಫೋಟೋ.

ನಾನು ಮಾಡಿದ್ದನ್ನು ಹಾಗೇ ಬರೆಯುತ್ತೇನೆ. ಫೋನ್ ಕಸಿದುಕೊಂಡೆ. ಬೆಳಿಗ್ಗೆ ಅವರಪ್ಪ ಕಾಲೇಜಿನವರೆಗೆ ಬಿಟ್ಟು ಆಫೀಸಿಗೆ ಹೋಗುವುದೆಂದು ನಿರ್ಧಾರವಾಯಿತು. ಇನ್ನೊಮ್ಮೆ ಕೇಳಿಬಂದರೆ ಹುಬ್ಬಳ್ಳಿಗೆ, ಅಜ್ಜಿಯ ಮನೆಗೆ ಕಳಿಸುತ್ತೇನೆ ಎಂದು ಹೆದರಿಸಿದೆ. ನನ್ನ ದೊಡ್ಡಕ್ಕನಿಗೆ ಒಂದು ಚೀಟಿ ಸಿಕ್ಕಿದ್ದಕ್ಕೆ ಪಿಯುಸಿ ಅರ್ಧಕ್ಕೆ ಬಿಡಿಸಿ ಮದುವೆ ಮಾಡಿದ್ದರು. ಅದು ತಪ್ಪು ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದವಳು ನಾನು. ಆದರೂ ಆ ಹೊತ್ತಿಗೆ ಬಾಯಿಗೆ ಬಂದದ್ದು ನಮ್ಮ ಅಪ್ಪನ ಮಾತೇ.

ಮೂರು ವಾರ ಮನೆ ತಣ್ಣಗಿತ್ತು. ಮಗಳು ತಟ್ಟೆ ನೋಡಿ ಉಂಡು ಎದ್ದು ಹೋಗುತ್ತಿದ್ದಳು. ಗೆಳತಿಯ ಫೋನಿನಿಂದ ಮಾತು ನಡೆದೇ ಇತ್ತು ಅಂತ ಆಮೇಲೆ ತಿಳಿಯಿತು. ಎರಡು ದಿನ ಕ್ಲಾಸಿಗೆ ಗೈರಾಗಿದ್ದಾಳೆ ಎಂದು ಅಲ್ಲಿಂದ ಮೆಸೇಜ್ ಬಂತು. ಮೊದಲು ಒಂದು ಟಿಕೇಟಾದರೂ ಸಿಗುತ್ತಿತ್ತು, ಈಗ ಅದೂ ಇಲ್ಲ.

ಜುಲೈನ ಒಂದು ಸಂಜೆ ಜೋರು ಮಳೆ. ಹಳಿಯ ಮೇಲೆ ನೀರು ನಿಂತು ಸೆಂಟ್ರಲ್ ಲೈನಿನ ಲೋಕಲ್‌ಗಳು ನಿಂತುಹೋದವು. ಅವರಪ್ಪ ಕುರ್ಲಾದಲ್ಲಿ ಸಿಕ್ಕಿಕೊಂಡಿದ್ದರು, ಮಗಳು ಠಾಣೆಯಲ್ಲಿ. ಅವಳ ಫೋನ್ ನನ್ನ ಕಪಾಟಿನಲ್ಲಿ, ಸೀರೆಗಳ ಕೆಳಗೆ. ಏಳು ಗಂಟೆಯಿಂದ ಒಂಬತ್ತೂವರೆವರೆಗೆ ನಾನು ಅನುಭವಿಸಿದ್ದು ಯಾವ ತಾಯಿಗೂ ಬೇಡ. ಆಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು, ಹೆಂಗಸಿನ ದನಿ, ಮರಾಠಿಯಲ್ಲಿ: ನಿಮ್ಮ ಮಗಳು ನಮ್ಮ ಮನೆಯಲ್ಲಿದ್ದಾಳೆ, ಊಟ ಆಗಿದೆ, ಬೆಳಿಗ್ಗೆ ಗಾಡಿ ಶುರುವಾದ ಮೇಲೆ ನಾನೇ ತಂದು ಬಿಡುತ್ತೇನೆ. ಆ ಹುಡುಗನ ತಾಯಿ. ಮಗ ಎಲ್ಲವನ್ನೂ ಅವರಿಗೆ ಮೊದಲೇ ಹೇಳಿದ್ದನಂತೆ.

ನನಗೆ ನೋವಾದದ್ದು ಅಲ್ಲಿ. ಅವನ ತಾಯಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಮರುದಿನ ಮಗಳನ್ನು ಅಡುಗೆಮನೆಯಲ್ಲಿ ಕೂಡಿಸಿಕೊಂಡು, ನನಗ್ಯಾಕ ಹೇಳಲಿಲ್ಲವಾ ಅಂದೆ. "ನೀ ಕೇಳಿದ್ದರ ಹೇಳತಿದ್ದೆ ಅವ್ವಾ. ನೀ ಹಿಡದಿ, ಕೇಳಲಿಲ್ಲ" ಅಂದಳು. ಫೋನ್ ಆವತ್ತೇ ವಾಪಸು ಕೊಟ್ಟೆ.

ಎಲ್ಲ ಬಿಟ್ಟುಕೊಟ್ಟೆನೆಂದಲ್ಲ. ಮುಂದಿನ ಭಾನುವಾರ ನಾವಿಬ್ಬರು ತಾಯಂದಿರು ಠಾಣೆಯಲ್ಲಿ ಮಕ್ಕಳನ್ನೂ ಎದುರಿಗೆ ಕೂಡಿಸಿಕೊಂಡು ಮಾತಾಡಿದೆವು. ಭೇಟಿಯಾಗುವುದಿದ್ದರೆ ಹಿರಿಯರಿರುವ ಮನೆಯಲ್ಲಿ, ಇಲ್ಲವೇ ತಲಾವ್ ಪಾಳಿಯಂಥ ಜನ ಓಡಾಡುವ ಜಾಗದಲ್ಲಿ. ಯಾರೂ ಇಲ್ಲದ ಮನೆ ಬೇಡ. ಹೋಗುವ ಊರು ಬದಲಾದರೆ ಮೊದಲು ಹೇಳಬೇಕು. ಹೇಳಿದ್ದಕ್ಕೆ ಬೈಯುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಎಂಟೂವರೆಗೆ ಮನೆ. ಅವಳ ಫೋನ್ ನಾನು ತೆಗೆದು ನೋಡುವುದಿಲ್ಲ.

ಕಷ್ಟವಾದದ್ದು ಕಾನೂನಿನ ಮಾತು. ನಮ್ಮ ಮನೆಗಳಲ್ಲಿ ಮೈಯ ವಿಷಯ ಆಡಲು ಮಾತೇ ಇಲ್ಲ. ಇರುವುದೆಲ್ಲ ಬೈಗುಳ, ಇಲ್ಲವೇ ಪಾಠದ ಪುಸ್ತಕದ್ದು. ಆದರೂ ತಡವರಿಸುತ್ತ ಹೇಳಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಮೈಯ ಸಂಬಂಧಕ್ಕೆ ಇಬ್ಬರೂ ಮನಸಾರೆ ಒಪ್ಪಿದ್ದರೂ ಆ ಒಪ್ಪಿಗೆಯನ್ನು ಕಾನೂನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಡುಗನಿಗೂ ಆಗ 17. ಯಾರಾದರೂ ದೂರು ಕೊಟ್ಟರೆ ಪ್ರಕರಣ ಸಾಮಾನ್ಯವಾಗಿ ಅವನ ಮೇಲೆ ಬೀಳುತ್ತದೆ. ಬಟ್ಟೆಯಿಲ್ಲದ ಫೋಟೋ ಕೇಳುವುದೂ ಇಲ್ಲ, ಕಳಿಸುವುದೂ ಇಲ್ಲ. 18ರ ಕೆಳಗಿನವರ ಅಂಥ ಚಿತ್ರ ಕಳಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಲ್ಲಿ ಮೊದಲ ಸಲಕ್ಕೇ ಐದು ವರ್ಷದವರೆಗೆ ಶಿಕ್ಷೆಯಿದೆ. ಯಾರಾದರೂ ಬೆದರಿಸಿದರೆ, ನಮಗೆ ಹೇಳಲು ಆಗದಿದ್ದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಅಂದೆ. ಹುಡುಗ ತಲೆ ತಗ್ಗಿಸಿ ಕೇಳಿದ. "ಬರೋಬರ್ ಆಹೆ ಕಾಕೂ", ಸರಿಯಿದೆ ಕಾಕೂ, ಅಂದ. ಇದನ್ನು ಹುಡುಗಿಗೆ ಮಾತ್ರ ಹೇಳಿ ಕಳಿಸುವ ಮನೆಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅರ್ಧ ಜವಾಬ್ದಾರಿಯವನು ಎದುರಿಗೇ ಇರಬೇಕು.

ಅವರಪ್ಪನಿಗೆ ಜಾತಿಯ ಚಿಂತೆ. ನಮ್ಮವರ ಕಾರ್ಯಕ್ರಮವೊಂದರಲ್ಲಿ ಯಾರೋ "ನಿಮ್ಮ ಹುಡುಗಿ ಠಾಣೆ ಸ್ಟೇಷನ್ನಿನಾಗ ಕಂಡ್ಳು" ಎಂದು ಕಿವಿಯಲ್ಲಿ ಹೇಳಿದರು. ಅವರಪ್ಪ, "ಹೌದ್ರಿ, ನಮಗ ಗೊತ್ತದ" ಅಂದುಬಿಟ್ಟರು. ಮನೆಗೆ ಬಂದು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ನಾನೂ ಒತ್ತಾಯಿಸಿ ಮಾತಾಡಿಸಲಿಲ್ಲ.

ಒಂದು ಸಲ ಅವಳು ಒಂಬತ್ತೂಕಾಲಿಗೆ ಬಂದಳು, ಮೆಸೇಜ್ ಕೂಡ ಇಲ್ಲ. ಮುಂದಿನ ಎರಡು ವಾರ ಕ್ಲಾಸು ಮುಗಿದ ಕೂಡಲೇ ಮನೆಗೆ ಬರಬೇಕು ಎಂದೆ. ಅತ್ತಳು, ಬಾಗಿಲು ಹಾಕಿಕೊಂಡಳು, ಆದರೆ ಎರಡು ವಾರವೂ ಹೇಳಿದ ಹೊತ್ತಿಗೆ ಬಂದಳು. ಆ ಬಿಗಿಗೆ ನಾನು ಪಶ್ಚಾತ್ತಾಪ ಪಡುವುದಿಲ್ಲ.

ಹನ್ನೆರಡನೆಯ ಬೋರ್ಡ್ ಪರೀಕ್ಷೆಗೆ ಎರಡು ತಿಂಗಳಿರುವಾಗ ಅದು ಮುಗಿಯಿತು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಂದು ಬೆನ್ನಿಗೆ ಒರಗಿ ನಿಂತು, "ಅವ್ವಾ, ಇನ್ನ ಅಂವಾ ಬರಂಗಿಲ್ಲ" ಅಂದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು, ನಾನು ತಿರುಗಿಸಲಿಲ್ಲ. ಅವನ ತಾಯಿಯೂ ನಾನೂ ಈಗಲೂ ಮಾತಾಡುತ್ತೇವೆ.

ಮಗನಿಗೆ ಈಗ 14. ಹುಡುಗರಿಗೆ ಇದೆಲ್ಲ ಯಾಕೆ ಎಂದು ಪಕ್ಕದ ಮನೆಯವರು ಕೇಳಿದರು. ಅವನನ್ನೂ ಅಡುಗೆಮನೆಯಲ್ಲಿ ಕೂಡಿಸಿ ಅದೇ ಮಾತು, ಅದೇ ಕಾನೂನು, ಒಂದೂ ಬಿಡದೆ ಹೇಳಿದ್ದೇನೆ. ನಾಚಿ ನೆಲ ನೋಡುತ್ತಿದ್ದವನು ಕೊನೆಗೆ ಕೇಳಿದ್ದು ಒಂದೇ: "ನನಗೂ ಎಂಟೂವರೀನಾ?"

"ನಿನಗೂ" ಅಂದೆ.