ಮ್ಯೂನಿಕ್‌ಗೆ ಬಂದಿದ್ದೀರಾ? ಊರು ನೋಡುವ ಮೊದಲು ಮನೆ ಕಲಿಯಿರಿ

ಮೊದಲು ಬಾಗಿಲು.

ನಿಮ್ಮ ಹೊಸ ಮನೆಯ ಮುಂಬಾಗಿಲಿಗೆ ಒಳಗಡೆ ಹಿಡಿ ಇರುತ್ತದೆ, ಹೊರಗಡೆ ಬರೀ ಒಂದು ಗುಂಡು. ಆ ಗುಂಡು ತಿರುಗುವುದಿಲ್ಲ. ಬಾಗಿಲು ಒಮ್ಮೆ ಮುಚ್ಚಿಕೊಂಡರೆ ಕೀಲಿಕೈ ಇಲ್ಲದೆ ಒಳಗೆ ಹೋಗಲು ಆಗುವುದಿಲ್ಲ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಬಂದ ನಾಲ್ಕನೇ ದಿನ, ನವೆಂಬರ್ ತಿಂಗಳ ಒಂದು ಭಾನುವಾರ ಬೆಳಗ್ಗೆ, ನಮ್ಮನೆಯವರು ಪಂಚೆಯಲ್ಲೇ ಕಸದ ಚೀಲ ಹಿಡಿದು ಕೆಳಗೆ ಹೋದರು, ಅಪ್ಪ ಎಲ್ಲಿ ಹೋದರು ಅಂತ ಮಗ ಬರಿಗಾಲಲ್ಲಿ ಹಿಂದೆಯೇ ಓಡಿದ, ಅವನಿಗೆ ಚಪ್ಪಲಿ ಕೊಡೋಣ ಅಂತ ನಾನು ಹೊಸ್ತಿಲು ದಾಟಿದೆ. ಬೆನ್ನ ಹಿಂದೆ ಟಕ್ ಅಂತು. ಒಲೆ ಹಚ್ಚಿರಲಿಲ್ಲ, ಅದೊಂದು ಪುಣ್ಯ. ಫೋನು, ಕೀಲಿಕೈ, ಸ್ವೆಟರ್ ಎಲ್ಲ ಒಳಗೆ.

ಎದುರು ಮನೆಯ ಅಜ್ಜಿ ಬಾಗಿಲು ತೆಗೆದು ನಮ್ಮನ್ನು ನೋಡಿದರು. ನಮಗೆ ಜರ್ಮನ್ ಬಾರದು, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಬಾಗಿಲ ಕಡೆ ಕೈ ತೋರಿಸಿದ್ದೇ ತಡ, ಎಲ್ಲ ಅರ್ಥ ಆಯಿತು. ನಮ್ಮನೆಯವರಿಗೆ ತೀರಿಹೋದ ತಮ್ಮ ಗಂಡನ ಉದ್ದನೆಯ ಕೋಟು ತಂದು ಪಂಚೆಯ ಮೇಲೇ ಹೊದಿಸಿದರು, ಮಗುವಿಗೆ ಬಿಸಿ ಹಾಲು ಕೊಟ್ಟರು, ಆಮೇಲೆ ತಾವೇ ಬೀಗ ತೆಗೆಯುವವನಿಗೆ ಫೋನ್ ಮಾಡಿದರು. ಅವರು ಅವತ್ತು ಫೋನಿನಲ್ಲಿ ಕೇಳಿದ್ದನ್ನೇ ನೀವೂ ಕೇಳಿ: ಭಾನುವಾರಕ್ಕೆ ಜಾಸ್ತಿ ಎಷ್ಟು, ಬಂದುಹೋಗುವ ಖರ್ಚು ಸೇರಿ ಒಟ್ಟು ಎಷ್ಟು. ಬೀಗ ಹಾಕಿಲ್ಲ, ಬಾಗಿಲು ಸುಮ್ನೆ ಮುಚ್ಚಿಕೊಂಡಿದೆ ಎಂದೂ ಹೇಳಲೇಬೇಕು. ಜರ್ಮನ್‌ನಲ್ಲಿ ಇದಕ್ಕೆ ಒಂದೇ ಮಾತು, 'ಝುಗೆಫಾಲನ್'. ಬರೀ ಮುಚ್ಚಿಕೊಂಡ ಬಾಗಿಲನ್ನು ಗೊತ್ತಿರುವವರು ಕೆಲವೇ ನಿಮಿಷದಲ್ಲಿ, ಬೀಗ ಒಡೆಯದೆ ತೆಗೆಯುತ್ತಾರೆ. ಬೆಲೆ ಹೇಳಲು ಹಿಂದೆಮುಂದೆ ನೋಡುವವರನ್ನು ಕರೆಯಲೇಬೇಡಿ. ಇನ್ನೊಂದು ಕೀಲಿಕೈಯನ್ನು ಈ ವಾರವೇ ನಂಬಿಕೆಯವರೊಬ್ಬರ ಮನೆಯಲ್ಲಿ ಇಡಿ.

ನಾನು ಇದನ್ನೆಲ್ಲ ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವುದು ಊರ ನಡುವಿನ ಚೌಕ ಮರಿಯನ್‌ಪ್ಲಾಟ್ಸ್‌ಗೆ ಹೇಗೆ ಹೋಗಬೇಕು, ಟ್ರೇನಿನ ಟಿಕೆಟ್ ಯಾವುದು ತೆಗೆಯಬೇಕು ಅಂತ. ಅದನ್ನು ಫೋನು ಹೇಳಿಕೊಡುತ್ತದೆ. ನೀವು ಒದ್ದಾಡುವುದು ಮನೆಯೊಳಗೆ. ಬಾಗಿಲು, ಕಿಟಕಿ, ಒಲೆ, ಕಸ, ಕರೆಗಂಟೆ. ಒಂಬತ್ತು ವರ್ಷದಿಂದ ನೋಡುತ್ತಿದ್ದೇನೆ.

ಕರೆಗಂಟೆ ಅಂದೆನಲ್ಲ, ನಮ್ಮವರಿಗೆ ಇದು ದೊಡ್ಡ ವಿಷಯ. ಇಲ್ಲಿ ಎಷ್ಟೋ ಕಡೆ ಫ್ಲಾಟ್ ನಂಬರ್ ಅಂತ ಇರುವುದೇ ಇಲ್ಲ. ಪೋಸ್ಟಿನವರು ನೋಡುವುದು ಬೆಲ್ಲಿನ ಮೇಲೆ, ಪತ್ರದ ಡಬ್ಬಿಯ ಮೇಲೆ ಇರುವ ಹೆಸರನ್ನು. ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ಈಗ ನಮ್ಮ ಹೆಸರುಗಳನ್ನು ನೆನಪು ಮಾಡಿಕೊಳ್ಳಿ. ಗಂಡನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಕೊನೆಯಲ್ಲಿ, ಹೆಂಡತಿಯದರಲ್ಲಿ ಅವರ ಅಪ್ಪನ ಹೆಸರು, ಮಗುವಿಗೆ ಅಪ್ಪನ ಹೆಸರೇ ಕುಲನಾಮ. ಒಂದೇ ಮನೆಯಲ್ಲಿ ಮೂರು 'ಸರ್‌ನೇಮ್'! ನಮ್ಮ ಡಬ್ಬಿಯ ಮೇಲೆ ಒಂದೇ ಹೆಸರಿತ್ತು, ನನ್ನ ಬ್ಯಾಂಕ್ ಕಾರ್ಡು ಎರಡು ಸಲ ವಾಪಸ್ ಹೋಯಿತು. ಮೂರೂ ಹೆಸರು ಹಾಕಿಸಿ, ಜಾಗ ಸಾಲದಿದ್ದರೆ ಚಿಕ್ಕ ಅಕ್ಷರದಲ್ಲಿ ಹಾಕಿಸಿ. ಮದುವೆ ಸರ್ಟಿಫಿಕೇಟು, ಮಗುವಿನ ಜನನ ಪತ್ರ ಕೈಗೆ ಸಿಗುವಲ್ಲಿ ಇರಲಿ, ಈ ಮೂವರೂ ಒಂದೇ ಸಂಸಾರ ಎಂದು ತೋರಿಸುವ ಕೆಲಸ ಆಗಾಗ ಬರುತ್ತದೆ.

ಮನೆಗೆ ಬಂದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಇದೇ ಎಲ್ಲರೂ ಹೇಳುವ 'ಆನ್‌ಮೆಲ್ಡುಂಗ್'. ಮನೆ ಮಾಲೀಕರು ಸಹಿ ಹಾಕಿದ ಒಂದು ಫಾರ್ಮ್ ಬೇಕು, ಬರೀ ಬಾಡಿಗೆ ಕರಾರು ತೋರಿಸಿದರೆ ಸಾಲದು. ಕೀಲಿಕೈ ಕೊಡುವ ದಿನವೇ ಆ ಸಹಿ ಕೇಳಿ ತೆಗೆದುಕೊಳ್ಳಿ. ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲ, ಬೆಳಗ್ಗೆ ಬೇಗ ಎದ್ದು ನೋಡುತ್ತಾ ಇರಿ. ಆಮೇಲೆ ತೆರಿಗೆ ನಂಬರ್ ಪೋಸ್ಟಿನಲ್ಲಿ ಬರುತ್ತದೆ. ರೇಡಿಯೋ–ಟೀವಿ ಶುಲ್ಕದ ಪತ್ರವೂ ಬರುತ್ತದೆ. ಟೀವಿ ಇಲ್ಲ ಅಂದರೂ ಕಟ್ಟಬೇಕು, ತಿಂಗಳಿಗೆ 18.36 ಯೂರೋ. ಆದರೆ ಅದು ಮನೆಗೆ ಒಂದು, ತಲೆಗೆ ಒಂದಲ್ಲ. ಗಂಡ ಹೆಂಡತಿ ಇಬ್ಬರ ಹೆಸರಿಗೂ ಪತ್ರ ಬಂದರೆ ಒಬ್ಬರು ಕಟ್ಟುತ್ತಿದ್ದೇವೆ ಎಂದು ತಿಳಿಸಿ, ಸುಮ್ನೆ ಎರಡೂ ಕಟ್ಟಬೇಡಿ. ಬಾಡಿಗೆ ಮುಂಗಡವೂ ಅಷ್ಟೇ, ಹೀಟರ್, ನೀರು ಇತ್ಯಾದಿ ಸೇರಿಸದ ಬಾಡಿಗೆಯ ಮೂರು ತಿಂಗಳಿಗಿಂತ ಜಾಸ್ತಿ ಕೇಳುವಂತಿಲ್ಲ. ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ.

ಕಿಟಕಿಗೆ ಬರೋಣ. ಇಲ್ಲಿನ ಕಿಟಕಿಯ ಹಿಡಿ ಕೆಳಗಿದ್ದರೆ ಮುಚ್ಚಿದೆ, ಅಡ್ಡ ಮಾಡಿದರೆ ಬಾಗಿಲಿನ ಹಾಗೆ ತೆರೆಯುತ್ತದೆ, ಮೇಲಕ್ಕೆ ಮಾಡಿದರೆ ಮೇಲಿನ ಅಂಚು ಮಾತ್ರ ನಮ್ಮ ಕಡೆ ವಾಲುತ್ತದೆ. ನಮ್ಮ ಅತ್ತೆ ಮೊದಲ ಸಲ ಬಂದಾಗ ಹಿಡಿಯನ್ನು ಮೇಲಕ್ಕೆ ತಿರುಗಿಸಿ ಎಳೆದಿದ್ದಾರೆ. ಇಡೀ ಕಿಟಕಿ ಮುಂದಕ್ಕೆ ವಾಲಿತು. "ಬಾರೇ ಬೇಗ, ಕಿಟಕಿ ಕಿತ್ಕೊಂಡು ಬಂತು!" ಅಂತ ಕೂಗು. ನಾನು ಓಡಿಹೋಗಿ ನೋಡಿದರೆ ಎರಡೂ ಕೈಯಲ್ಲಿ ಗಾಜನ್ನು ಒತ್ತಿ ಹಿಡಿದು ನಿಂತಿದ್ದಾರೆ, ಸೆರಗು ಜಾರಿದ್ದೂ ಗೊತ್ತಿಲ್ಲ. "ಬಿಡಿ ಅತ್ತೆ, ಬೀಳಲ್ಲ" ಅಂದರೆ ಬಿಡಲೊಲ್ಲರು. ಮಗ ಬಂದು ಮುಚ್ಚಿ, ತೆರೆದು, ಮತ್ತೆ ವಾಲಿಸಿ ತೋರಿಸಿದ ಮೇಲೇ ಕೈ ತೆಗೆದದ್ದು. ಆಮೇಲೆ ಮೂವರೂ ಕೂತು ನಕ್ಕಿದ್ದೇ ನಕ್ಕಿದ್ದು. ಹಿರಿಯರು ಬಂದ ದಿನವೇ ಕಿಟಕಿ, ಬಾಗಿಲು, ಶವರ್ ಮೂರನ್ನೂ ಮಾಡಿ ತೋರಿಸಿ. ಬಾಯಲ್ಲಿ ಹೇಳಿದರೆ ಸಾಲದು.

ಈ ಕಿಟಕಿಯ ಹಿಂದೆ ಇನ್ನೂ ದೊಡ್ಡ ಪಾಠ ಇದೆ. ಚಳಿಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ, ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆದು ಐದು ಹತ್ತು ನಿಮಿಷ ಬಿಡಬೇಕು. ಹೊರಗೆ ಮಂಜು ಬೀಳುತ್ತಿರುವಾಗ ಕಿಟಕಿ ತೆರೆಯಿರಿ ಅಂದರೆ ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಇಡ್ಲಿಯ ಹಬೆ, ಸ್ನಾನದ ಹಬೆ, ಒಳಗೇ ಒಣಹಾಕಿದ ಬಟ್ಟೆಯ ತೇವ ಎಲ್ಲ ಸೇರಿ ತಣ್ಣನೆಯ ಗೋಡೆಯ ಮೂಲೆಯಲ್ಲಿ ನೀರಾಗಿ ಕೂರುತ್ತದೆ, ಅಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಬೂಷ್ಟು ಮಕ್ಕಳ ಉಸಿರಿಗೆ ಕೆಟ್ಟದ್ದು. ಜೊತೆಗೆ ಮನೆ ಬಿಡುವಾಗ ಮುಂಗಡಕ್ಕೂ ಕುತ್ತು. ದಿನವಿಡೀ ವಾಲಿಸಿ ಇಡುವುದು ಇದಕ್ಕೆ ಪರಿಹಾರವಲ್ಲ, ಅದರಿಂದ ಗೋಡೆ ಇನ್ನೂ ತಣ್ಣಗಾಗುತ್ತದೆ. ಬೂಷ್ಟು ಕಂಡರೆ ಫೋಟೋ ತೆಗೆದು ಅವತ್ತೇ ಮಾಲೀಕರಿಗೆ ಬರೆಯಿರಿ.

ಒಗ್ಗರಣೆ. ಮಲಗುವ ಕೋಣೆ, ಮಕ್ಕಳ ಕೋಣೆ, ನಡುಹಾದಿ, ಇಲ್ಲೆಲ್ಲ ಹೊಗೆ ಅಲಾರಂ ಇರಲೇಬೇಕು, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಕಾನೂನು. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಘಾಟು ನಡುಹಾದಿಗೆ ಬಂದರೆ ಅದು ಕಿರುಚುತ್ತದೆ, ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬರುತ್ತಾರೆ. ಅಲಾರಂ ಬಿಚ್ಚಿಡುವುದು, ಅದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟುವುದು ದಯವಿಟ್ಟು ಮಾಡಬೇಡಿ, ಮಕ್ಕಳು ಮಲಗುವ ಮನೆ ಅದು. ಅಡುಗೆಮನೆ ಬಾಗಿಲು ಹಾಕಿ, ಕಿಟಕಿ ತೆಗೆಯಿರಿ, ಆಮೇಲೆ ಎಣ್ಣೆ ಇಡಿ. ಅಡುಗೆಮನೆ ಅಂದಾಗ ನೆನಪಾಯಿತು, ಬಾಡಿಗೆ ಜಾಹೀರಾತಿನಲ್ಲಿ ಅಡುಗೆಮನೆ ಇದೆ ಅಂತ ಬರೆದಿಲ್ಲದಿದ್ದರೆ ಅಲ್ಲಿ ಬರೀ ಗೋಡೆ, ನಲ್ಲಿಯ ಕೊಳವೆ ಇರಬಹುದು. ಸಿಂಕು, ಒಲೆ ಎಲ್ಲ ನೀವೇ ತರಬೇಕು. ಊರಿಂದ ಮಿಕ್ಸಿ ತನ್ನಿ, ಇಲ್ಲೂ 230 ವೋಲ್ಟೇ, ಪ್ಲಗ್ಗಿಗೆ ಒಳ್ಳೆಯ ಅಡಾಪ್ಟರ್ ಇದ್ದರಾಯಿತು. ಅಡಿ ಗುಂಡಗಿರುವ ಕಾವಲಿ ತರಬೇಡಿ, ಚಪ್ಪಟೆ ಒಲೆಯ ಮೇಲೆ ಕೂರುವುದಿಲ್ಲ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಕಾಯುವುದೇ ಇಲ್ಲ. ದೋಸೆ ಹಿಟ್ಟನ್ನು ಓವನ್ನಿನ ಒಳಗಿಟ್ಟು ಅದರ ದೀಪ ಮಾತ್ರ ಹಚ್ಚಿಡಿ, ಜನವರಿಯಲ್ಲೂ ಉಬ್ಬುತ್ತದೆ.

ಆದರೆ ಆ ಹಿಟ್ಟನ್ನು ಯಾವಾಗ ರುಬ್ಬಬೇಕು ಅನ್ನುವುದು ಮುಖ್ಯ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಭಾನುವಾರ, ಹಬ್ಬದ ದಿನ ಪೂರ್ತಿ ನಿಶ್ಶಬ್ದ, ಗೋಡೆಗೆ ಮೊಳೆ ಹೊಡೆಯುವುದು, ಡ್ರಿಲ್ ಮಾಡುವುದು ಬೇಡವೇ ಬೇಡ. ಶನಿವಾರ ಸಂಜೆಯೇ ರುಬ್ಬಿ, ಗ್ರೈಂಡರ್ ಕೆಳಗೆ ಮಡಚಿದ ಟವೆಲ್ ಹಾಸಿ. ಅದೇ ಸಂಜೆ ಅಂಗಡಿ ಕೆಲಸವೂ ಮುಗಿಯಬೇಕು. ಅಂಗಡಿಗಳು 8 ಗಂಟೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಸೋಮವಾರ. ಭಾನುವಾರ ಬೇಕರಿ ಕೆಲವು ಗಂಟೆ ಇರುತ್ತದೆ, ಮುಖ್ಯ ರೈಲು ನಿಲ್ದಾಣದ ಒಳಗೆ ಅಂಗಡಿ ಸಿಗುತ್ತದೆ. ಮ್ಯೂನಿಕ್‌ನಲ್ಲಿ ವರ್ಷಕ್ಕೆ 13 ಹಬ್ಬದ ರಜೆ ಇದೆ. ಆಗಸ್ಟ್ 15 ಇಲ್ಲೂ ರಜೆ, ಅದು ಮೇರಿಮಾತೆಯ ಹಬ್ಬ. ಧ್ವಜ ಹಾರಿಸಿ ಬಂದು ಹಾಲಿಲ್ಲ ಅಂತ ಅಂಗಡಿಗೆ ಹೋಗಿ ಮುಚ್ಚಿದ ಬಾಗಿಲು ನೋಡಿ ಬಂದವರು ನಮ್ಮಲ್ಲಿ ಎಷ್ಟೋ ಜನ.

ಬಾಟಲಿ ವಿಷಯ ನಮ್ಮ ಅತ್ತೆಗೆ ಬಹಳ ಹಿಡಿಸಿದ್ದು. ನೀರಿನ, ಜ್ಯೂಸಿನ ಪ್ಲಾಸ್ಟಿಕ್ ಬಾಟಲಿಗೆ, ಕ್ಯಾನಿಗೆ 25 ಸೆಂಟ್ ಠೇವಣಿ ಸೇರಿಸಿರುತ್ತಾರೆ. ಮತ್ತೆ ತುಂಬಿಸುವ ಬಾಟಲಿಗಳಿಗೆ 8 ಅಥವಾ 15 ಸೆಂಟ್. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಕೌಂಟರಿನಲ್ಲಿ ಕೊಟ್ಟರೆ ದುಡ್ಡು. ಅತ್ತೆ ಊರಿನ ರೂಢಿಯಂತೆ ಕುಡಿದಾದ ಮೇಲೆ ಪ್ರತಿಯೊಂದು ಬಾಟಲಿಯನ್ನೂ ಹಿಸುಕಿ ಇಟ್ಟಿದ್ದರು. ಯಂತ್ರ ಒಂದನ್ನೂ ತೆಗೆದುಕೊಳ್ಳಲಿಲ್ಲ, ಅದು ಬಾಟಲಿಯ ಮೇಲಿನ ಗೆರೆಗಳನ್ನು ಓದಬೇಕಲ್ಲ. ಅಜ್ಜಿ ಮೊಮ್ಮಗ ಇಬ್ಬರೂ ಅಲ್ಲೇ ಪಕ್ಕದಲ್ಲಿ ನಿಂತು, ಒಂದೊಂದಕ್ಕೂ ಬಾಯಿಟ್ಟು ಊದಿ, ಸರಿ ಮಾಡಿ ಹಾಕಿದರು. ಹದಿಮೂರು ಬಾಟಲಿ, 3 ಯೂರೋ 25 ಸೆಂಟ್. ಆ ದುಡ್ಡನ್ನು ಅತ್ತೆ ಖರ್ಚು ಮಾಡಲು ಬಿಡಲೇ ಇಲ್ಲ, ಪರ್ಸಿನಲ್ಲಿ ಬೇರೆ ಇಟ್ಟುಕೊಂಡು ಊರಿಗೆ ಒಯ್ದರು.

ಕಸ ಬೇರೆ ಮಾಡುವುದು ಒಂದು ವಾರದಲ್ಲಿ ಬರುತ್ತದೆ. ನೀಲಿ ಡಬ್ಬಿಗೆ ಕಾಗದ, ಕಂದು ಡಬ್ಬಿಗೆ ತರಕಾರಿ ಸಿಪ್ಪೆ (ಪ್ಲಾಸ್ಟಿಕ್ ಚೀಲ ಬೇಡ, ಪೇಪರ್‌ನಲ್ಲಿ ಸುತ್ತಿ ಹಾಕಿ), ಬೇರೆ ಎಲ್ಲೂ ಸೇರದ ಕಸ ಬೂದು ಡಬ್ಬಿಗೆ. ಗಾಜನ್ನು ಬೀದಿಯ ದೊಡ್ಡ ಡಬ್ಬಿಗಳಿಗೆ ಬಣ್ಣ ನೋಡಿ ಹಾಕಬೇಕು, ಭಾನುವಾರ ಮಾತ್ರ ಬೇಡ, ಸದ್ದಾಗುತ್ತದೆ.

ರಸ್ತೆಯಲ್ಲಿ ಒಂದೇ ಮಾತು. ಕೆಂಪು ದೀಪ ಇದ್ದರೆ, ಎರಡೂ ಕಡೆ ಒಂದು ಗಾಡಿ ಇಲ್ಲದಿದ್ದರೂ ದಾಟಬೇಡಿ, ಮುಖ್ಯವಾಗಿ ಪಕ್ಕದಲ್ಲಿ ಮಗು ನಿಂತಿದ್ದರೆ. ಇಲ್ಲಿ ಒಂದನೇ ಕ್ಲಾಸಿನ ಎಷ್ಟೋ ಮಕ್ಕಳು ತಾವೇ ನಡೆದು ಶಾಲೆಗೆ ಹೋಗುತ್ತಾರೆ, ದೊಡ್ಡವರನ್ನು ನೋಡಿ ಕಲಿಯುತ್ತಾರೆ.

ಮಕ್ಕಳ ಡಾಕ್ಟರನ್ನು ಮಗು ಚೆನ್ನಾಗಿರುವಾಗಲೇ ಹುಡುಕಿ. ಹೊಸ ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ ಅನ್ನುವವರೇ ಜಾಸ್ತಿ, ಜ್ವರದ ಮಗು ಎತ್ತಿಕೊಂಡು ನಾಲ್ಕು ಬಾಗಿಲು ತಟ್ಟುವ ಕಷ್ಟ ಯಾರಿಗೂ ಬೇಡ. ಕ್ಲಿನಿಕ್ ಮುಚ್ಚಿರುವ ಹೊತ್ತಿಗೆ 116117, ಪ್ರಾಣಾಪಾಯ ಅಂದರೆ 112. ಎರಡನ್ನೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಕೆಳಗೆ ನಿಮ್ಮ ಮನೆ ವಿಳಾಸವನ್ನೂ ಬರೆಯಿರಿ. ಗಾಬರಿಯಲ್ಲಿ ಬೀದಿಯ ಹೆಸರು ಬಾಯಿಗೆ ಬರುವುದಿಲ್ಲ.

ಇನ್ನು ಊರಿಗೆ ಫೋನ್ ಮಾಡುವ ಹೊತ್ತು. ಚಳಿಗಾಲದಲ್ಲಿ ಊರು ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ. ಮಾರ್ಚ್ ಕೊನೆಯ ಭಾನುವಾರ, ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಬದಲಾಗುತ್ತದೆ. ಚಳಿಗಾಲದಲ್ಲಿ ಅಲ್ಲಿ ಬೆಳಗ್ಗೆ ಪೂಜೆ ಮುಗಿಸಿ ಏಳೂವರೆಗೆ ಫೋನ್ ಮಾಡಿದರೆ ಇಲ್ಲಿ ನಡುರಾತ್ರಿ ಮೂರು, ಎದೆ ಧಸಕ್ ಅನ್ನುತ್ತದೆ. ಅದಕ್ಕೇ ಅತ್ತೆ ಮನೆ ನಡುಮನೆಯಲ್ಲಿ ಈಗ ಎರಡು ಗಡಿಯಾರ ತೂಗುಹಾಕಿದೆ. ಒಂದು ಅವರದು, ಇನ್ನೊಂದು ಮೊಮ್ಮಗನದು. ವರ್ಷಕ್ಕೆ ಎರಡು ಭಾನುವಾರ ಅವನೇ ಫೋನ್ ಮಾಡಿ ಹೇಳುತ್ತಾನೆ, "ಅಜ್ಜಿ, ನನ್ನ ಗಡಿಯಾರ ಒಂದು ಗಂಟೆ ತಿರುಗಿಸಿ." ಅವರು ಸ್ಟೂಲ್ ಹತ್ತಿ ಮುಳ್ಳು ತಿರುಗಿಸುವವರೆಗೂ ಇವನು ಫೋನ್ ಇಡುವುದಿಲ್ಲ.