ಲಕ್ವ ಹೊಡೆದವರ ಸ್ವಭಾವ ನೋಡಿ ಅಭ್ಯಾಸ ಮಾಡಿಸಿ

ಲಕ್ವ ಹೊಡೆದ ಮೇಲೆ ಮೊದಲ ಮೂರು ತಿಂಗಳು ತುಂಬಾ ಮುಖ್ಯ. ಕೈಕಾಲಿಗೆ ಜಾಸ್ತಿ ಬಲ ಬರುವುದು ಆಗಲೇ. ಆಮೇಲೂ ಸುಧಾರಿಸುತ್ತದೆ, ಆದರೆ ನಿಧಾನ. ಈ ಸಮಯದಲ್ಲಿ ಮನೆಯವರು ಬಿಪಿ ಮಾತ್ರೆ, ಫಿಸಿಯೋಥೆರಪಿ, ಊಟ ಎಲ್ಲಾ ಗಮನವಿಟ್ಟು ನೋಡಿಕೊಳ್ಳುತ್ತಾರೆ, ಆದರೆ ಲಕ್ವ ಹೊಡೆದವರು ಕಷ್ಟ ಬಂದಾಗ ಮೊದಲಿನಿಂದ ಹೇಗೆ ನಡೆದುಕೊಳ್ಳುತ್ತಿದ್ದರು ಅನ್ನುವುದನ್ನು ಯೋಚಿಸುವವರು ಕಡಿಮೆ. ಕೈಕಾಲಿನ ವ್ಯಾಯಾಮದ ಅಭ್ಯಾಸ ಮುಂದುವರಿಯುತ್ತದೋ ನಿಲ್ಲುತ್ತದೋ ಅನ್ನುವುದು ಎಷ್ಟೋ ಸಲ ಅದರ ಮೇಲೇ ನಿಂತಿರುತ್ತದೆ.

ಮೊದಲು ಸ್ವಭಾವ ಯಾವುದು, ಕಾಯಿಲೆ ಯಾವುದು ಅಂತ ಬೇರೆ ಮಾಡಿ ನೋಡಿ. ಲಕ್ವ, ಅಂದರೆ ಸ್ಟ್ರೋಕ್ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಕಾರಣವೇ ಇಲ್ಲದೆ ಅಳು ಅಥವಾ ನಗು ಉಕ್ಕಿ ಬರುವುದು, ಯಾವುದರಲ್ಲೂ ಆಸಕ್ತಿ ಇಲ್ಲದೆ ಸುಮ್ನೆ ಕೂತುಬಿಡುವುದು, ಇವು ಮಿದುಳಿಗೆ ಆದ ಪೆಟ್ಟಿನಿಂದಲೂ ಬರುತ್ತವೆ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರು ನನ್ನ ಎಡಗೈಗೆ ಏನೂ ಆಗಿಲ್ಲ ಅಂತಲೇ ವಾದಿಸುತ್ತಾರೆ. ಅದು ಹಟವಲ್ಲ, ಅವರಿಗೆ ನಿಜವಾಗಿ ಗೊತ್ತಾಗುತ್ತಿಲ್ಲ. ಹಾಗಾಗಿ ದಯವಿಟ್ಟು 'ಅಪ್ಪ ಸೋಮಾರಿ ಆದರು' ಅಂತ ಬೈಯಬೇಡಿ, ಡಾಕ್ಟರಿಗೆ ಹೇಳಿ. ಖಿನ್ನತೆಗೆ ಚಿಕಿತ್ಸೆ ಇದೆ.

ಇನ್ನು ಸ್ವಭಾವದ ವಿಷಯ. ಯಾರ ಹಂಗೂ ಬೇಡ ಅಂತ ಬದುಕಿದವರು ಅಭ್ಯಾಸ ಚೆನ್ನಾಗಿ ಮಾಡುತ್ತಾರೆ, ಆದರೆ ಕೋಲು ಹಿಡಿಯಲ್ಲ ಅಂತ ಹೋಗಿ ಬಚ್ಚಲಲ್ಲಿ ಬೀಳುವವರೂ ಇವರೇ. ಇವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಇವತ್ತು ಎಷ್ಟು ಹೆಜ್ಜೆ, ಯಾವ ಹೊತ್ತಿಗೆ ಅನ್ನುವುದನ್ನು ಅವರೇ ತೀರ್ಮಾನಿಸಿ ಪುಸ್ತಕದಲ್ಲಿ ಬರೆದಿಡಲಿ, ಬಚ್ಚಲಿಗೆ ಹಿಡಿಕೆ ಹಾಕಿಸಿ. ಎಲ್ಲದಕ್ಕೂ ಗಾಬರಿ ಬೀಳುವವರಿಗೆ ಅಷ್ಟೂ ವ್ಯಾಯಾಮ ಒಟ್ಟಿಗೆ ಹೇಳಬೇಡಿ. ಈ ವಾರ ಲೋಟ ಹಿಡಿಯುವುದು ಒಂದೇ ಸಾಕು. ಮತ್ತೆ ಸ್ಟ್ರೋಕ್ ಆದರೆ ಅನ್ನುವ ಭಯಕ್ಕೆ ಸುಮ್ಮನಿರಿ ಅನ್ನುವುದು ಉತ್ತರವಲ್ಲ, ಬಿಪಿ ಮಾತ್ರೆ ತಪ್ಪಿಸದಿದ್ದರೆ ಅಪಾಯ ಕಡಿಮೆ ಆಗುತ್ತದೆ ಅಂತ ಬಿಡಿಸಿ ಹೇಳಿ.

ಕಷ್ಟವಾಗುವುದು ಎಲ್ಲವನ್ನೂ ಮುಂದೂಡುವವರ ಜೊತೆ. 'ದೇವರಿಟ್ಟ ಹಾಗೆ ಆಗಲಿ' ಅಂತ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಭಕ್ತಿಯನ್ನು ದೂರಬೇಡಿ, ಅದು ಎಷ್ಟೋ ಜನಕ್ಕೆ ದೊಡ್ಡ ಆಸರೆ, ಅಲ್ವಾ? ದೇವರಿಗೆ ಹೂವು ಇಡುವುದನ್ನು ಸ್ವಾಧೀನ ತಪ್ಪಿದ ಕೈಯಿಂದಲೇ ಮಾಡಿಸಿ, ನಿಮ್ಮ ಕೈ ಕೆಳಗೆ ಆಸರೆಗಿರಲಿ. ವ್ಯಾಯಾಮ ಅಂದರೆ ಬೇಡ ಅನ್ನುವವರು ಅವರೆಕಾಯಿ ಸುಲಿಯಲು ಕೂರುತ್ತಾರೆ.

ಒಂದು ಮಾತು ಎಲ್ಲರಿಗೂ. ಪ್ರೀತಿಯಿಂದ ಅಂತ ತುತ್ತು ತಿನ್ನಿಸಿ, ಗುಂಡಿ ಹಾಕಿ, ಎಲ್ಲಾ ನೀವೇ ಮಾಡಿದರೆ ಆ ಕೈಯನ್ನು ಬಳಸುವುದೇ ಮರೆತುಹೋಗುತ್ತದೆ. ಅಮ್ಮ ಒಂದು ಗುಂಡಿ ಹಾಕಿಕೊಳ್ಳಲು ಐದು ನಿಮಿಷ ತಗೊಂಡರೂ ಕಾಯಿರಿ. ಮಾತು ಹೋದವರ ಮುಂದೆ ಅವರ ಪರವಾಗಿ ನೀವೇ ವಾಕ್ಯ ಮುಗಿಸಬೇಡಿ, ಹೌದು ಇಲ್ಲ ಅನ್ನುವಂಥ ಪ್ರಶ್ನೆ ಕೇಳಿ.

ಬದುಕಿ ಏನು ಪ್ರಯೋಜನ ಅನ್ನುವ ಮಾತು ಬಂದರೆ ಹಗುರವಾಗಿ ತಗೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ತಡಮಾಡದೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಹಗಲು ರಾತ್ರಿ ನೋಡಿಕೊಂಡು ಸುಸ್ತಾದ ನೀವೂ ಮಾಡಬಹುದು.