ಪ್ರಾಗ್‌ನ ಸ್ಥಳಪುರಾಣಗಳನ್ನು ಒಂದೇ ದಿನದಲ್ಲಿ ನಡೆದು ಓದುವುದು ಹೇಗೆ

ಚೆಕ್ ರಾಜಧಾನಿ ಪ್ರಾಗ್‌ನ ಹಳೆಯ ಪೇಟೆಯಲ್ಲಿ ಕಥೆ ಅಂಟಿಕೊಳ್ಳದ ಕಲ್ಲು ಸಿಗುವುದು ಕಷ್ಟ. ಆ ಕಥೆಗಳನ್ನು ಜಾಗದಲ್ಲೇ ನಿಂತು ಓದಬೇಕೆನ್ನುವವರಿಗೆ ಒಂದು ದಿನ, ಮೆತ್ತನೆ ಅಡಿಯ ಶೂ, ಸಣ್ಣ ನೋಟ್‌ಬುಕ್ ಸಾಕು. ನಡಿಗೆ ಒಟ್ಟು ಮೂರು ನಾಲ್ಕು ಕಿಲೋಮೀಟರ್ ಅಷ್ಟೇ. ಆದರೆ ಎಲ್ಲ ಕಡೆ ಕಲ್ಲುಹಾಸು, ಗಟ್ಟಿ ಅಡಿಯ ಚಪ್ಪಲಿಯಲ್ಲಿ ಮಧ್ಯಾಹ್ನದೊಳಗೆ ಪಾದ ನೋಯುತ್ತದೆ.

ಪ್ರತಿ ಜಾಗದಲ್ಲೂ ಮೂರು ಸಾಲು ಬರೆದುಕೊಳ್ಳಿ: ಕಣ್ಣಿಗೆ ಏನು ಕಾಣುತ್ತಿದೆ, ಜನ ಏನು ಹೇಳುತ್ತಾರೆ, ಆ ಮಾತು ಮೊದಲು ಬರಹಕ್ಕೆ ಬಂದದ್ದು ಯಾವಾಗ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನೂರು, ಇನ್ನೂರು ವರ್ಷದ ಅಂತರ ಕಂಡರೆ ಕಥೆ ಸುಳ್ಳೆಂದು ಹೊಡೆದುಹಾಕಬೇಡಿ. ಆ ಅಂತರದಲ್ಲಿ ಊರಿಗೆ ಏನು ಬೇಕಾಗಿತ್ತು ಎಂದು ಕೇಳಿಕೊಳ್ಳಿ. ಸ್ಥಳಪುರಾಣದ ತಿರುಳು ಇರುವುದು ಅಲ್ಲಿಯೇ.

ದಿನ ಆರಿಸುವಾಗ ಶನಿವಾರ ಬಿಡಿ. ಅಂದು ಯಹೂದಿ ಕೇರಿಯ ಸಿನಗಾಗ್‌ಗಳೂ (ಯಹೂದಿ ಪ್ರಾರ್ಥನಾಮಂದಿರ) ಸ್ಮಶಾನವೂ ಮುಚ್ಚಿರುತ್ತವೆ. ಯಹೂದಿ ಹಬ್ಬಗಳಲ್ಲೂ ಹಾಗೆಯೇ. ಭಾನುವಾರ ಬೆಳಿಗ್ಗೆ ಚರ್ಚ್‌ಗಳಲ್ಲಿ ಪೂಜೆ ನಡೆಯುವುದರಿಂದ ಒಳಗೆ ಓಡಾಡಲಾಗದು. ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ಇಟ್ಟುಕೊಂಡರೆ ಒಳ್ಳೆಯದು.

ಬೆಳಿಗ್ಗೆ: ಚಾರ್ಲ್ಸ್ ಸೇತುವೆ

ಎಂಟು ಗಂಟೆಯ ಮೇಲೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆರಕ್ಕೇ ಹೋಗಿ, ಹಳೆಪೇಟೆಯ ಗೋಪುರದ ಕಡೆಯಿಂದ ಹತ್ತಿ. ಸೇತುವೆಯ ಉದ್ದ 516 ಮೀಟರ್, ಮೇಲೆ 30 ಶಿಲ್ಪಗಳಿವೆ.

ಮೊದಲು ನೋಟ್‌ಬುಕ್ಕಿನಲ್ಲಿ ಹೀಗೆ ಬರೆಯಿರಿ: 1 3 5 7 9 7 5 3 1. ಇದು ಸೇತುವೆಯ ಶಂಕುಸ್ಥಾಪನೆಯ ಮುಹೂರ್ತವಂತೆ: 1357ನೇ ವರ್ಷ, 9ನೇ ದಿನ, 7ನೇ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇದರಲ್ಲಿ 1357 ಎಂಬ ವರ್ಷ ಗಟ್ಟಿ, ನಿಮಿಷದವರೆಗಿನ ಮುಹೂರ್ತ ಮಾತ್ರ 20ನೇ ಶತಮಾನದ ಲೆಕ್ಕಾಚಾರ. ಆದರೂ ಜನ ನಂಬಿದ್ದಕ್ಕೆ ಕಾರಣವಿದೆ. ಇದಕ್ಕೂ ಮೊದಲಿದ್ದ ಜುಡಿತ್ ಸೇತುವೆ 1342ರ ಪ್ರವಾಹಕ್ಕೆ ಕೊಚ್ಚಿಹೋಗಿತ್ತು. ಅಂಥ ಹೊಳೆಗೆ ಮತ್ತೆ ಸೇತುವೆ ಕಟ್ಟುವವರು ಗಳಿಗೆ ನೋಡದೆ ಕಲ್ಲಿಟ್ಟಾರೆಯೇ?

ಗಾರೆಗೆ ಕೋಳಿಮೊಟ್ಟೆ ಬೆರೆಸಿದರೆಂಬ ಮಾತನ್ನೂ ಇಲ್ಲೇ ಹೇಳುತ್ತಾರೆ. ನಮ್ಮ ಕಡೆ ಹಳೆಯ ಕೋಟೆಗಳ ಗಾರೆಗೆ ಬೆಲ್ಲ, ಮೊಟ್ಟೆ ಎನ್ನುವುದಿಲ್ಲವೇ, ಹಾಗೆ. ರಾಜ್ಯದ ಎಲ್ಲ ಊರುಗಳಿಂದ ಮೊಟ್ಟೆ ಕಳಿಸಲು ಅಪ್ಪಣೆಯಾದಾಗ, ವೆಲ್ವರಿ ಎಂಬ ಊರಿನವರು ದಾರಿಯಲ್ಲಿ ಒಡೆಯದಿರಲೆಂದು ಬೇಯಿಸಿಯೇ ಕಳಿಸಿದರಂತೆ. ಆ ಊರಿನ ಹೆಸರಿಗೆ ಈ ಕಥೆ ಇವತ್ತಿಗೂ ಅಂಟಿಕೊಂಡಿದೆ.

ಕೋಟೆಯ ಕಡೆಗೆ ನಡೆಯುತ್ತಾ ಬಲಗಡೆಯ ಶಿಲ್ಪಗಳನ್ನು ಎಣಿಸಿ. ಎಂಟನೆಯದು ನೆಪೊಮುಕ್‌ನ ಸಂತ ಜಾನ್, 1683ರ ಕಂಚಿನ ಮೂರ್ತಿ, ತಲೆಯ ಸುತ್ತ ಐದು ನಕ್ಷತ್ರ. ಪೀಠದಲ್ಲಿ ಎರಡು ಉಬ್ಬುಶಿಲ್ಪಗಳಿವೆ, ಎರಡೂ ಸವೆದು ಹೊಳೆಯುತ್ತಿವೆ. ಹೆಚ್ಚಿನವರು ಎಡಗಡೆಯ ನಾಯಿಯನ್ನು ಸವರಿ ಹೋಗುತ್ತಾರೆ. ಮುಟ್ಟಿದರೆ ಅದೃಷ್ಟವೆಂಬ ಹಳೆಯ ನಂಬಿಕೆ ಇರುವುದು ಬಲಗಡೆಯದರಲ್ಲಿ: ಜನ ಎತ್ತಿ ಹೊಳೆಗೆ ಎಸೆಯುತ್ತಿರುವ ಆ ಚಿಕ್ಕ ಆಕೃತಿಯೇ ಸಂತ. ಎಡಗಡೆಯದರಲ್ಲಿ ನಾಯಿಯನ್ನು ಬಿಟ್ಟು ಹಿನ್ನೆಲೆ ನೋಡಿ, ರಾಣಿ ಪಾದ್ರಿಯ ಮುಂದೆ ಪಾಪನಿವೇದನೆ ಮಾಡುತ್ತಿದ್ದಾಳೆ. ಇಡೀ ಕಥೆ ಅಲ್ಲಿಂದ ಹೊರಡುತ್ತದೆ. ರಾಣಿ ಏನು ಹೇಳಿಕೊಂಡಳೆಂದು ರಾಜ ನಾಲ್ಕನೇ ವೆನ್ಸೆಸ್ಲಾಸ್ ಕೇಳಿದ, ಜಾನ್ ಬಾಯಿ ಬಿಡಲಿಲ್ಲ, ರಾಜ ಅವನನ್ನು ಸೇತುವೆಯಿಂದ ನೂಕಿಸಿದ, ಹೆಣ ಮುಳುಗಿದ ನೀರಿನ ಮೇಲೆ ಐದು ನಕ್ಷತ್ರ ಮೂಡಿದವು.

ಮೂರನೇ ಸಾಲಿಗೆ ಇದು: ಜಾನ್‌ನನ್ನು ಹೊಳೆಗೆ ಎಸೆದದ್ದು ನಿಜ, 1393ರ ಮಾರ್ಚ್‌ನಲ್ಲಿ. ಆದರೆ ಅವನು ಆರ್ಚ್‌ಬಿಷಪ್‌ನ ಆಡಳಿತಾಧಿಕಾರಿಯಾಗಿದ್ದ. ಒಂದು ಮಠಕ್ಕೆ ಮುಖ್ಯಸ್ಥನನ್ನು ನೇಮಿಸುವ ವಿಷಯದಲ್ಲಿ ರಾಜನಿಗೂ ಆರ್ಚ್‌ಬಿಷಪ್‌ಗೂ ಬಿದ್ದ ಜಗಳದಲ್ಲಿ ಸಿಕ್ಕಿ ಸತ್ತ. ರಾಣಿಯ ಗುಟ್ಟು ಬರಹದಲ್ಲಿ ಕಾಣಿಸುವುದು ಸುಮಾರು ಅರ್ಧ ಶತಮಾನ ಕಳೆದ ಮೇಲೆ. 1719ರಲ್ಲಿ ಸಮಾಧಿ ತೆರೆದಾಗ ಬುರುಡೆಯಲ್ಲಿ ಒಣಗಿದ ಮಾಂಸದ ತುಣುಕು ಸಿಕ್ಕಿತು. ಗುಟ್ಟು ಬಿಡದ ನಾಲಿಗೆ ಕೊಳೆಯದೆ ಉಳಿದಿದೆ ಎಂದು ಜನ ಕೈಮುಗಿದರು, 1729ರಲ್ಲಿ ಅವನು ಸಂತನಾದ. ಆ ತುಣುಕು ಮಿದುಳಿನದು ಎಂದು 1970ರ ದಶಕದ ಪರೀಕ್ಷೆಯಲ್ಲಿ ಗೊತ್ತಾಯಿತು. ಮಠದ ನೇಮಕಾತಿಯ ಜಗಳವನ್ನು ಹಾಡಿ ಹೊಗಳುವವರಿಲ್ಲ. ಕೊಟ್ಟ ಮಾತಿಗೆ ಪ್ರಾಣ ಬಿಟ್ಟವನನ್ನು ಯಾರೂ ಮರೆಯುವುದಿಲ್ಲ.

ಎಸೆದ ಜಾಗವೆಂದು ತೋರಿಸುವ ಗುರುತು ಮೂರ್ತಿಯ ಬುಡದಲ್ಲಿಲ್ಲ. ಹಳೆಪೇಟೆಯ ಕಡೆಗೆ ಸ್ವಲ್ಪ ಹಿಂದೆ ಬಂದು, ಆರನೇ ಮತ್ತು ಏಳನೇ ಶಿಲ್ಪಗಳ ನಡುವೆ ತಡೆಗೋಡೆಯ ಮೇಲೆ ಹುಡುಕಿ. ಐದು ನಕ್ಷತ್ರವಿರುವ ಪುಟ್ಟ ಲೋಹದ ಶಿಲುಬೆ ಅದು.

ಇನ್ನೆರಡನ್ನು ಸೇತುವೆಯ ಮೇಲಿಂದ ಹುಡುಕಿದರೆ ತಪ್ಪಿಹೋಗುತ್ತವೆ. ಬ್ರುನ್ಸ್‌ವಿಕ್ ಎಂಬ ವೀರನ ಶಿಲ್ಪವಿರುವುದು ಕಂಬದ ಹೊರಮೈಯಲ್ಲಿ. ಕಾಂಪಾ ದ್ವೀಪಕ್ಕೆ ಮೆಟ್ಟಿಲಿಳಿದು ತಲೆಯೆತ್ತಿದರೆ ಸರಿಯಾಗಿ ಕಾಣುತ್ತಾನೆ. ಅವನ ಮಾಯಾಖಡ್ಗ ಸೇತುವೆಯೊಳಗೆ ಹೂತಿದೆ, ನಾಡಿಗೆ ಕಡುಕಷ್ಟ ಬಂದ ದಿನ ಹೊರಬರುತ್ತದೆ ಎಂಬುದು ಪ್ರತೀತಿ. ಇನ್ನೊಬ್ಬ ಬ್ರಾಡಾಚ್, ಗಡ್ಡದ ಕಲ್ಲುಮುಖ. ಹಳೆಪೇಟೆಯ ದಡದಲ್ಲಿ, ಸೇತುವೆಯ ಪಕ್ಕದ ನದಿಗೋಡೆಯಲ್ಲಿದೆ, ಬಗ್ಗಿ ನೋಡಬೇಕು. ಪ್ರಾಗಿನವರಿಗೆ ಇದೇ ನೆರೆಯ ಅಳತೆಗೋಲಾಗಿತ್ತು: ನೀರು ಗಡ್ಡ ಮುಟ್ಟಿದರೆ ಹೊಳೆ ದಡ ಮೀರುತ್ತದೆ, ಬೋಳುತಲೆ ಮುಳುಗಿದರೆ ಹಳೆಪೇಟೆಯ ಚೌಕಕ್ಕೇ ನೀರು.

ಹತ್ತು ಗಂಟೆಯಿಂದ: ಯಹೂದಿ ಕೇರಿ

ದಾರಿಯಲ್ಲಿ ಮರಿಯಾನ್‌ಸ್ಕೆ ಚೌಕದ ನಗರಸಭೆಯ ಮೂಲೆಯಲ್ಲಿ ನಿಲ್ಲಿ. ಅಲ್ಲಿನ ಶಿಲ್ಪದಲ್ಲಿ ಗಡ್ಡದ ಎತ್ತರದ ಮುದುಕ ರಬ್ಬಿ (ಯಹೂದಿ ಧರ್ಮಗುರು) ಲೋವ್, ಕಾಲಬಳಿ ಒಬ್ಬ ಹುಡುಗಿ. ಓದುತ್ತಾ ಕುಳಿತವನ ಹತ್ತಿರ ಸಾವು ಸುಳಿಯಲಾಗದೆ, ಮೊಮ್ಮಗಳು ಕೊಟ್ಟ ಗುಲಾಬಿಯಲ್ಲಿ ಅಡಗಿ ಬಂತಂತೆ.

ಮುಂದೆ ಹಳೆ-ಹೊಸ ಸಿನಗಾಗ್, ಸುಮಾರು 1270ರದು. ಗಂಡಸರು ತಲೆ ಮುಚ್ಚಬೇಕು. ಈ ರಬ್ಬಿ ಹೊಳೆಯ ಜೇಡಿಮಣ್ಣಿನಿಂದ ಗೋಲೆಮ್ ಎಂಬ ಮನುಷ್ಯಾಕೃತಿಯನ್ನು ಮಾಡಿ, ಬಾಯಲ್ಲಿ ದೇವರ ಹೆಸರಿನ ಚೀಟಿ ಇಟ್ಟು ಜೀವ ತಂದ, ಕೇರಿಯ ಕಾವಲಿಗೆ ನಿಲ್ಲಿಸಿದ. ಶುಕ್ರವಾರ ಸಂಜೆ ಶುರುವಾಗುವ ಯಹೂದಿ ವಿಶ್ರಾಂತಿದಿನಕ್ಕೆ ಆ ಚೀಟಿ ತೆಗೆದಿಡಬೇಕಿತ್ತು, ಒಂದು ಸಲ ಮರೆತ. ಗೋಲೆಮ್ ಸಿಕ್ಕಿದ್ದನ್ನೆಲ್ಲ ಪುಡಿಮಾಡತೊಡಗಿದ. ಪ್ರಾರ್ಥನೆಯಲ್ಲಿ 92ನೇ ಕೀರ್ತನೆ ಹೇಳುತ್ತಿದ್ದ ರಬ್ಬಿ ಎದ್ದು ಓಡಿ ಚೀಟಿ ಕಿತ್ತು, ಬಂದು ಕೀರ್ತನೆಯನ್ನು ಮತ್ತೆ ಹೇಳಿಸಿದ. ಈ ಸಿನಗಾಗ್‌ನಲ್ಲಿ ಆ ಕೀರ್ತನೆಯನ್ನು ಇಂದಿಗೂ ಎರಡು ಸಲ ಹೇಳುತ್ತಾರೆ, ಕಾರಣ ಕೇಳಿದರೆ ಇದೇ ಕಥೆ. ಮಣ್ಣಿನ ದೇಹ ಅಟ್ಟದಲ್ಲಿದೆ ಎನ್ನುತ್ತಾರೆ. ಅಟ್ಟಕ್ಕೆ ಪ್ರವೇಶವಿಲ್ಲ, ಟಿಕೆಟ್ ಕೇಳಿ ಸಮಯ ಕಳೆಯಬೇಡಿ. ಹಿಂಬದಿಗೆ ಹೋಗಿ ಹೊರಗೋಡೆ ನೋಡಿ: ಅಟ್ಟದ ಬಾಗಿಲಿಗೆ ಹೋಗುವ ಕಬ್ಬಿಣದ ಮೆಟ್ಟಿಲುಗಳಿವೆ, ಕೆಳಗಿನದೇ ಆಳೆತ್ತರಕ್ಕಿಂತ ಮೇಲೆ.

ರಬ್ಬಿ ತೀರಿಕೊಂಡದ್ದು 1609ರಲ್ಲಿ. ಅವನನ್ನು ಗೋಲೆಮ್‌ಗೆ ಜೋಡಿಸಿದ ಕಥೆ ಅಚ್ಚಿನಲ್ಲಿ ಕಾಣುವುದು 19ನೇ ಶತಮಾನದಲ್ಲಿ, ಇನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಇದನ್ನು ಬರೆದುಕೊಂಡು ಹಳೆಯ ಸ್ಮಶಾನಕ್ಕೆ ಹೋಗಿ. ಜಾಗ ಸಾಲದೆ ಗೋರಿಯ ಮೇಲೆ ಮಣ್ಣು ಹಾಕಿ ಮತ್ತೆ ಗೋರಿ ಮಾಡಿದ್ದರಿಂದ ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಸಿಂಹದ ಗುರುತಿರುವ ಗೋರಿ ರಬ್ಬಿಯದು, ಲೋವ್ ಎಂದರೆ ಸಿಂಹ. ಮೇಲೆ ಬೆಣಚುಕಲ್ಲು, ಬೇಡಿಕೆಯ ಚೀಟಿಗಳಿರುತ್ತವೆ. ಕಲ್ಲು ಇಡಬಹುದು, ಚೀಟಿ ಎತ್ತಿ ಓದಬೇಡಿ.

ಮಧ್ಯಾಹ್ನ ಸೇಂಟ್ ಜೇಮ್ಸ್ ಚರ್ಚ್. ತೆರೆದಿರುವ ವೇಳೆಯನ್ನು ಬೆಳಿಗ್ಗೆಯೇ ನೋಡಿಕೊಳ್ಳಿ, ನಡುವೆ ಮುಚ್ಚುವುದುಂಟು. ಒಳಗೆ ಹೋದವರು ನೇರ ಬಲಿಪೀಠ ನೋಡಿ ಹೊರಬರುತ್ತಾರೆ. ಬಾಗಿಲು ದಾಟಿದೊಡನೆ ಬಲಗಡೆ ಗೋಡೆಯ ಮೇಲ್ಭಾಗ ನೋಡಿ, ಕಪ್ಪಗೆ ಒಣಗಿದ ತೋಳೊಂದು ತೂಗುತ್ತಿದೆ. ಮಾತೆ ಮೇರಿಯ ಒಡವೆಗೆ ಕೈಹಾಕಿದ ಕಳ್ಳನದಂತೆ. ಮೂರ್ತಿ ಹಿಡಿದ ಕೈ ಬಿಡದೆ, ಕೊನೆಗೆ ತೋಳನ್ನೇ ಕಡಿಯಬೇಕಾಯಿತಂತೆ. ಕತ್ತಲಿರುವುದರಿಂದ ಕಣ್ಣು ಹೊಂದಲು ಒಂದು ನಿಮಿಷ ಕೊಡಿ.

ರಾತ್ರಿ: ಗಡಿಯಾರ

ಹಳೆಪೇಟೆಯ ಹಳೆಯ ಪುರಭವನದ ಗೋಡೆಯಲ್ಲಿರುವ ಖಗೋಳ ಗಡಿಯಾರದ ಗೊಂಬೆಗಳು ಬೆಳಿಗ್ಗೆ 9ರಿಂದ ರಾತ್ರಿ 11ರವರೆಗೆ ಪ್ರತಿ ಗಂಟೆಗೆ ಓಡಾಡುತ್ತವೆ, ಒಂದು ನಿಮಿಷದ ಆಟ ಕೂಡ ಅಲ್ಲ. ಹಗಲಲ್ಲಿ ತಲೆಗಳ ಸಾಲೇ ಕಾಣುವುದು, ರಾತ್ರಿ 10ರ ಮೇಲೆ ಹೋಗಿ. ಎಲ್ಲರ ಕಣ್ಣು ಮೇಲಿನ ಕಿಟಕಿಗಳ ಅಪೊಸ್ತಲರ (ಯೇಸುವಿನ ಶಿಷ್ಯರ) ಮೇಲಿರುತ್ತದೆ. ನೀವು ಬಲಗಡೆಯ ಅಸ್ಥಿಪಂಜರ ನೋಡಿ, ಹಗ್ಗ ಎಳೆದು ಗಂಟೆ ಹೊಡೆಯುವುದು ಅದೇ. ಆಮೇಲೆ ಹೊರಗಿನ ಕಪ್ಪು ಬಳೆ. ಅದರಲ್ಲಿ ಚಿನ್ನದ ಹಳೆಯ ಲಿಪಿಯಲ್ಲಿ 24 ಅಂಕಿಗಳಿವೆ. ನಮ್ಮ ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರುವಾದರೆ ಹಳೆಯ ಚೆಕ್ ದಿನ ಸೂರ್ಯಾಸ್ತಕ್ಕೆ ಮುಗಿಯುತ್ತದೆ. ಮುಳ್ಳು 20ರಲ್ಲಿದ್ದರೆ ಹೊತ್ತು ಮುಳುಗಲು ನಾಲ್ಕು ಗಂಟೆ ಬಾಕಿ.

ಇದನ್ನು ಮಾಡಿದ ಹನುಶ್ ಇನ್ನೊಂದು ಊರಿಗೆ ಇಂಥದ್ದು ಮಾಡದಿರಲೆಂದು ನಗರಸಭೆಯವರು ಅವನ ಕಣ್ಣು ಕೀಳಿಸಿದರು, ಅವನು ಯಂತ್ರಕ್ಕೆ ಕೈ ಹಾಕಿ ಕೆಡಿಸಿದ ಎಂಬ ಕಥೆ ಶತಮಾನಗಳ ಕಾಲ ನಡೆಯಿತು. ದಾಖಲೆ ಹೇಳುವ ಹೆಸರು ಬೇರೆ: ಕಡಾನ್ ಊರಿನ ಮಿಕುಲಾಶ್, ವರ್ಷ 1410. ಕುರುಡಾದ ಕುಶಲಕರ್ಮಿಯ ಕಥೆ ನಿಂತದ್ದು ಗಡಿಯಾರ ಆಗಾಗ ಕೆಟ್ಟು ನಿಲ್ಲುತ್ತಿದ್ದುದರಿಂದ ಇರಬೇಕು. ನಿಂತ ಗಡಿಯಾರಕ್ಕೆ ಊರು ಒಂದು ಕಾರಣ ಹುಡುಕಿತು.

11ರ ಆಟ ಮುಗಿದ ಮೇಲೆ ಅದೇ ಪುರಭವನದ ಪೂರ್ವಗೋಡೆಯ ಕಡೆ ತಿರುಗಿ, ಕಾಲಡಿಯ ಕಲ್ಲುಹಾಸು ನೋಡಿ. 27 ಬಿಳಿ ಶಿಲುಬೆಗಳಿವೆ, ಹ್ಯಾಬ್ಸ್‌ಬರ್ಗ್ ದೊರೆಯ ವಿರುದ್ಧ ದಂಗೆಯೆದ್ದು 1621ರ ಜೂನ್ 21ರಂದು ಇಲ್ಲಿ ಮರಣದಂಡನೆಗೆ ಗುರಿಯಾದ 27 ಮಂದಿಯ ಗುರುತು. ಹಗಲಲ್ಲಿ ಜನ ತುಳಿದು ಓಡಾಡುವ ಜಾಗ, ಮೇಲೆ ನಿಲ್ಲದೆ ಪಕ್ಕದಲ್ಲಿ ನಿಂತು ಎಣಿಸಿ. ವರ್ಷಕ್ಕೊಮ್ಮೆ ಆ ರಾತ್ರಿ ಅವರು ಎದ್ದು ಗಡಿಯಾರದ ಮುಂದೆ ಬರುತ್ತಾರಂತೆ. ಮುಳ್ಳು ನಡೆಯುತ್ತಿದ್ದರೆ ನಾಡು ಕ್ಷೇಮವೆಂದು ಸಮಾಧಾನದಿಂದ ಹಿಂತಿರುಗುತ್ತಾರೆ, ನಿಂತಿದ್ದರೆ ತಲೆ ತಗ್ಗಿಸಿಕೊಂಡು ಹೋಗುತ್ತಾರೆ.